ಅವ್ವನ ಮೇಣ, ಲಾಂಚಿನ ತೂತು

ನನ್ನ ಕೆಲಸ ಏನೆಂದು ಊರಿನವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ಸೊರಬದ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಯಾರಾದರೊಬ್ಬರು, "ಮುಂಬಯ್ಯಾಗೆ ಹಡಗು ನಡೆಸ್ತೀಯಂತಲ್ಲೋ" ಎನ್ನುವರು. ಇಲ್ಲ, ಹಡಗಿನ ಕರೆಂಟಿನ ಕೆಲಸ ಎಂದರೆ, "ದೀಪ ಹಚ್ಚೋ ಕೆಲ್ಸ ಅನ್ನು" ಎಂದು ಒಂದೇ ಮಾತಿಗೆ ನನ್ನನ್ನು ಕೆಳಗಿಳಿಸಿಬಿಡುವರು. ರಾಡಾರ್ ಎಂಬ ಯಂತ್ರವಿದೆ, ಮಳೆಯಲ್ಲೂ ಮಂಜಿನಲ್ಲೂ ಎದುರಿಗೆ ಏನಿದೆಯೆಂದು ಅದು ಗಾಜಿನ ಮೇಲೆ ತೋರಿಸುತ್ತದೆ ಎಂದು ವಿವರಿಸಿದರೆ, ನಮ್ಮ ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ನಮ್ ಎತ್ತಿಗೆ ಅದೇನೂ ಇಲ್ದೇನೇ ಮನೆ ದಾರಿ ಸಿಗ್ತದೆ ಬಿಡು" ಎಂದಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ನನ್ನ ಕೆಲಸದ ಬಗ್ಗೆ ನನಗೆ ಇದ್ದ ಜಂಬವೂ ಕಡಿಮೆಯದಲ್ಲ. ಈಗ ಹೇಳಹೊರಟಿರುವುದು ಆ ಜಂಬ ಮುರಿದ ಬೇಸಿಗೆಯ ಸಂಗತಿ.

ರಾಜ್ಯ ಒಂದಾದ ಮೇಲಿನ ಎರಡನೆಯ ಬೇಸಿಗೆ ಅದು. ನನಗೆ ಇಪ್ಪತ್ತಾರು. ಮುಂಬಯಿಯಲ್ಲಿ ಹಡಗು, ಲಾಂಚುಗಳನ್ನು ದುರಸ್ತಿ ಮಾಡುವ ಒಂದು ಕಾರ್ಖಾನೆಯಲ್ಲಿ ಕೇಬಲ್ ಎಳೆಯುವ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ರಾಡಾರಿನ ಕಂಬದ ತುದಿಯಲ್ಲಿ ತಿರುಗುವ ತಟ್ಟೆಯಿಂದ ಕೆಳಗೆ ಚುಕ್ಕಾಣಿ ಕೋಣೆಯ ಗಾಜಿನವರೆಗೆ ಕೇಬಲ್ ತರಬೇಕು. ಹೇಳುವುದು ಸುಲಭ. ಕೇಬಲ್ಲಿಗೆ ಸೀಸದ ಹೊದಿಕೆ, ಅದರ ಮೇಲೆ ತಂತಿಯ ಹೆಣಿಗೆ. ಅದನ್ನು ಮೊಣಕೈಯಂತೆ ಮಡಿಸಬಾರದು, ನಿಧಾನವಾಗಿ ಬಾಗಿಸಬೇಕು. ಗೇಣಿಗೊಂದು ಹಿಡಿಕೆ ಹಾಕಬೇಕು, ಇಲ್ಲದಿದ್ದರೆ ಇಂಜಿನ್ನಿನ ಅದುರಿಗೆ ಉಜ್ಜಿ ಉಜ್ಜಿ ಸೀಸ ಸವೆಯುತ್ತದೆ. ಕೋಣೆಯೊಳಕ್ಕೆ ಹೋಗುವ ಮುಂಚೆ ಒಂದು ಜೋಲು ಬಿಡಬೇಕು. ಕೇಬಲ್ಲಿನ ಗುಂಟ ಇಳಿದು ಬಂದ ಮಳೆನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕಿ ಹೋಗಲಿ ಎಂದು.

ಇದನ್ನೆಲ್ಲ ನನಗೆ ಕಲಿಸಿದವರು ನಮ್ಮ ಮೇಸ್ತ್ರಿ. ಕುಮಟೆಯ ಕಡೆಯವರು, ಅರವತ್ತರ ಹತ್ತಿರದ ವಯಸ್ಸು, ಕನ್ನಡ ಮಾತಾಡುವ ಒಬ್ಬ ಹುಡುಗ ಸಿಕ್ಕಿದನೆಂದು ನನ್ನನ್ನು ಹತ್ತಿರ ಬಿಟ್ಟುಕೊಂಡಿದ್ದರು. "ನೀರು ಎಲ್ಲಿಂದ ಬರ್ತದೆ ಅಂತ ಮೊದ್ಲು ನೋಡು ಮಾರಾಯ, ಆಮೇಲೆ ಕೇಬಲ್ ಎಳಿ" ಎನ್ನುತ್ತಿದ್ದರು. ಅವರು ನನ್ನನ್ನು ಹೊಗಳಿದ್ದು ಐದು ವರ್ಷದಲ್ಲಿ ಒಂದೇ ಸಲ. ನಾನು ಬಿಟ್ಟ ಜೋಲನ್ನು ನೋಡಿ, "ಅಡ್ಡಿಲ್ಲ" ಎಂದಿದ್ದರು.

ಕೇಬಲ್ ಡೆಕ್ಕನ್ನು ತೂರಿ ಕೆಳಗಿಳಿಯುವ ತೂತೇ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಗ್ಲ್ಯಾಂಡ್ ಎಂಬ ಹಿತ್ತಾಳೆಯ ಕೊರಳು ಕೂರಿಸಿ, ಕೇಬಲ್ಲಿನ ಸುತ್ತ ಸೆಣಬಿನ ಹುರಿಯನ್ನು ಸುತ್ತುಸುತ್ತಾಗಿ ತುಂಬಿ, ಮೇಲಿನಿಂದ ತಿರುಪು ಬಿಗಿಯಬೇಕು. ಆ ಹುರಿಯನ್ನು ಚರ್ಬಿಯಲ್ಲಿ, ಅಂದರೆ ಪ್ರಾಣಿಯ ಕೊಬ್ಬಿನಲ್ಲಿ, ಚೆನ್ನಾಗಿ ನಾದಿ ತುಂಬಬೇಕು. ನನ್ನ ಕಷ್ಟ ಇದ್ದದ್ದು ಇಲ್ಲೇ.

ನಮ್ಮದು ಲಿಂಗ ಕಟ್ಟಿದ ಮನೆ. ಅಪ್ಪ ಪೂಜೆ ಮುಗಿಯದೆ ಬಾಯಿಗೆ ನೀರು ಹಾಕಿದವರಲ್ಲ. ಮುಂಬಯಿಗೆ ಹೋದ ಮೇಲೂ ನಾನು ಬೆಳಿಗ್ಗೆ ನಲ್ಲಿಯಡಿ ಸ್ನಾನ ಮಾಡಿ, ಲಿಂಗವನ್ನು ಎಡಗೈಯಲ್ಲಿಟ್ಟು ಐದು ನಿಮಿಷ ಕೂರುತ್ತಿದ್ದೆ. ಆ ಅಂಗೈಗೆ ಕೊಬ್ಬು ಮೆತ್ತಿಕೊಳ್ಳುವುದು ನನ್ನಿಂದ ಆಗದ ಮಾತಾಗಿತ್ತು. ಹಾಗೆಂದು ಬಾಯಿ ಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ಸೇರಿದ ಹೊಸತರಲ್ಲಿ ನನ್ನ ರೊಟ್ಟಿ ಬುತ್ತಿಯನ್ನು ನೋಡಿ ಜೊತೆಯವರು ಸ್ವಾಮಿಗಳು, ಸ್ವಾಮಿಗಳು ಎಂದು ರೇಗಿಸಿದ್ದರು. ಕೆಲಸದಲ್ಲಿ ನನಗೆ ಅಂಥ ಮಡಿಗಿಡಿ ಏನೂ ಇಲ್ಲವೆಂದು ಅವತ್ತೇ ಎದೆಯುಬ್ಬಿಸಿ ಹೇಳಿಬಿಟ್ಟಿದ್ದೆ. ಚರ್ಬಿ ತುಂಬುವ ಕೆಲಸವನ್ನು ಒಬ್ಬ ಜೊತೆಗಾರ ಮಾಡುತ್ತಿದ್ದುದರಿಂದ ಐದು ವರ್ಷ ನನ್ನ ಬಣ್ಣ ಬಯಲಾಗಲಿಲ್ಲ.

ನಾನು ತಂಗಿಯ ಮದುವೆಗೆಂದು ರಜೆಗೆ ಹೊರಡುವ ಮುಂಚಿನ ಶನಿವಾರ ಆ ಜೊತೆಗಾರ ಜ್ವರವೆಂದು ಬರಲಿಲ್ಲ. ಬಂದರಿನೊಳಕ್ಕೆ ದಾರಿ ತೋರಿಸುವ ಪೈಲಟ್ಟರನ್ನು ಹೊರಗಿನ ಹಡಗುಗಳಿಗೆ ಕೊಂಡೊಯ್ಯುವ ಲಾಂಚೊಂದಕ್ಕೆ ಹೊಸ ರಾಡಾರ್ ಕೂರಿಸಿದ್ದೆವು. ಕೇಬಲ್ ಎಲ್ಲ ನಾನೇ ಎಳೆದಿದ್ದೆ. ಡೆಕ್ಕಿನ ಗ್ಲ್ಯಾಂಡ್ ಒಂದು ಉಳಿದಿತ್ತು. ಮೇಸ್ತ್ರಿ, "ಅದೊಂದು ತುಂಬಿ ಮುಗಿಸು, ನಾ ಬೇರೆ ಹಡಗು ನೋಡಿ ಬತ್ತೆ" ಎಂದು ಹೋದರು. ಚರ್ಬಿಯ ಡಬ್ಬಿಯ ಮುಚ್ಚಳ ತೆಗೆದೆ. ಬೆಳ್ಳಗೆ, ಗಟ್ಟಿ ಕೆನೆ ಕಟ್ಟಿ ಕೂತಿತ್ತು. ವಾಸನೆ ಮುಖಕ್ಕೆ ಬಡಿಯಿತು. ಮುಚ್ಚಳ ಹಾಕಿದೆ.

ನನ್ನ ಚೀಲದಲ್ಲಿ ಅವ್ವ ಕೊಟ್ಟ ಜೇನುಮೇಣದ ಉಂಡೆ ಇತ್ತು. ನಮ್ಮ ಕಡೆ ಹೆಂಗಸರು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಇಡುತ್ತಾರೆ, ಕುಂಕುಮ ಉದುರದೆ ನಿಲ್ಲಲೆಂದು. ಆ ಮೇಣವನ್ನೇ ಒಂದಿಷ್ಟು ಉಂಡೆ ಮಾಡಿ, ಒಡೆದ ಕೈಗೆ ಹಚ್ಚಿಕೋ ಎಂದು ಅವ್ವ ಪ್ರತಿ ಸಲ ಕಟ್ಟಿ ಕೊಡುತ್ತಿದ್ದಳು. ಮೇಸ್ತ್ರಿಯೂ ತಮ್ಮ ಸೀಳಿದ ಹೆಬ್ಬೆರಳಿಗೆ ಅದರಲ್ಲಿ ಚೂರು ಇಸಿದುಕೊಳ್ಳುತ್ತಿದ್ದರು. ಮೇಣಕ್ಕೂ ನೀರು ಅಂಟುವುದಿಲ್ಲವಲ್ಲ ಎಂದುಕೊಂಡೆ. ಹುರಿಗೆ ಮೇಣ ತಿಕ್ಕಿ, ಹರಳೆಣ್ಣೆ ಹನಿಸಿ, ಗ್ಲ್ಯಾಂಡಿನಲ್ಲಿ ಅಚ್ಚುಕಟ್ಟಾಗಿ ತುಂಬಿ ತಿರುಪು ಬಿಗಿದೆ. ಒಂದು ಬಕೆಟ್ ನೀರು ಸುರಿದು ನೋಡಿದೆ. ಕೆಳಗೆ ಒಂದು ಹನಿಯೂ ಇಳಿಯಲಿಲ್ಲ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೇಸ್ತ್ರಿ ಸಂಜೆ ಬಂದು ಮುಗಿಯಿತೇ ಎಂದರು. ಮುಗಿಯಿತು ಎಂದೆ. ನನ್ನನ್ನು ನಂಬಿ ತಪಾಸಣೆಯ ಪುಸ್ತಕದಲ್ಲಿ ಚರ್ಬಿ ತುಂಬಿದೆ, ನೋಡಿದ್ದೇನೆ ಎಂದು ಬರೆದು ರುಜು ಹಾಕಿದರು. ಲಾಂಚಿನ ಸರಂಗ, ಅದನ್ನು ನಡೆಸುವಾತ, ಗಾಜಿನ ಮೇಲಿನ ಚುಕ್ಕೆಗಳನ್ನು ಮಗುವಿನ ಹಾಗೆ ನೋಡಿ ಖುಷಿಪಟ್ಟ. ಇಷ್ಟು ವರ್ಷ ಮಳೆಗಾಲದಲ್ಲಿ ಕಿವಿಗೊಟ್ಟು, ಗಂಟೆ ಬಾರಿಸಿಕೊಂಡು ಹೋಗುತ್ತಿದ್ದೆವು, ಈ ಸಲ ಅದರ ಕಾಟವಿಲ್ಲ ಎಂದ. ಅವನ ಕೈಕೆಳಗೆ ನಾಲ್ವರು ಖಲಾಸಿಗಳು. ಮಳೆಗಾಲದ ಕೆಲಸವೆಲ್ಲ ಇನ್ನು ಅವರು ಆ ಗಾಜನ್ನು ನಂಬಿ ಮಾಡುವವರು.

ಸೋಮವಾರ ನಾನು ಊರಿನ ರೈಲು ಹತ್ತಿದೆ.

ತಂಗಿಯ ಮದುವೆ ಚೆನ್ನಾಗಿಯೇ ಆಯಿತು. ಗಂಡಿನ ಮನೆ ಬಂದಳಿಕೆಯ ಹತ್ತಿರದ ಹಳ್ಳಿ, ಒಕ್ಕಲುತನದವರು. ಹೆಣ್ಣನ್ನು ಕಳಿಸಿಕೊಡುವ ದಿನ ನಾವೆಲ್ಲ ಸೊರಬದ ನಿಲ್ದಾಣದಲ್ಲಿ ಶಿಕಾರಿಪುರದ ಕಡೆಯ ಬಸ್ಸಿಗೆ ಕಾದು ನಿಂತಿದ್ದೆವು. ಬಸ್ಸು ಬರಲೇ ಇಲ್ಲ. ನೆರಳೆಂದರೆ ಒಂದು ಅಂಗಡಿಯ ಸೂರು, ಅದರಡಿಯಲ್ಲಿ ಗಂಡಿನ ಕಡೆಯ ಹಿರಿಯರು. ಮದುಮಗಳು ಸೀರೆಯಲ್ಲಿ ಬೇಯುತ್ತ ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದಳು. ನಾನು ಅವಳಿಗೆ ಏನೋ ಹೇಳಿ ನಗಿಸಲು ಬಗ್ಗಿದೆ, ಅಷ್ಟರಲ್ಲಿ ಅವಳ ಹಣೆಯ ಕುಂಕುಮ ಜಾರಿ ಹುಬ್ಬಿನ ನಡುವಿನಿಂದ ಮೂಗಿನ ಮೇಲೆ ಇಳಿಯಿತು. ಒಂದು ಕೆಂಪು ಗೆರೆ ತುಟಿಯವರೆಗೆ ಬಂತು.

ಅವ್ವ ಹೌಹಾರಿದಳು. "ಅಯ್ಯೋ ಶಿವನೇ, ಇವತ್ತೇ ಹಿಂಗಾಗ್ಬೇಕಾ! ಬಿಸ್ಲಿಗೆ ಮೇಣ ಕರಗಿ ಹೋತಲ್ಲೇ" ಎಂದು ಸೆರಗಿನ ತುದಿಯಿಂದ ಅವಸರವಸರವಾಗಿ ಒರೆಸಿದಳು. ಗಂಡಿನ ಕಡೆಯವರು ನೋಡಿದರೇ ಎಂದು ಅತ್ತ ಇತ್ತ ಕಣ್ಣು ಹಾಯಿಸಿದಳು. ತಂಗಿ ಅಳಲು ಶುರುಮಾಡಿದಳು. ನಾನು ಅವಳಿಗೆ ಸಮಾಧಾನ ಹೇಳಬೇಕಾದವನು, ಅಲ್ಲೇ ಕಲ್ಲಾಗಿ ನಿಂತುಬಿಟ್ಟೆ. ನನ್ನ ಕಣ್ಣಿಗೆ ಕಂಡದ್ದು ಲಾಂಚಿನ ಡೆಕ್ಕು. ಕಬ್ಬಿಣದ ಡೆಕ್ಕು, ಬರಿಗಾಲಿಡಲಾಗದಷ್ಟು ಕಾಯುತ್ತದೆ. ಗ್ಲ್ಯಾಂಡಿನಿಂದ ಮೂರು ಅಡಿ ದೂರದಲ್ಲಿ ಇಂಜಿನ್ನಿನ ಹೊಗೆ ಕೊಳವೆ. ಚರ್ಬಿಯಾದರೂ ಕಾವಿಗೆ ಮೆತ್ತಗಾಗುತ್ತದೆ, ಆದರೆ ಅದನ್ನು ನಾದಿ ತುಂಬಿದ ಹುರಿ ಉಬ್ಬಿ ಹಿಡಿದುಕೊಳ್ಳುತ್ತದೆ. ನಾನು ಹುರಿಗೆ ಬರೀ ಮೇಲೆ ಮೇಲೆ ಮೇಣ ತಿಕ್ಕಿದ್ದೆ. ಅದು ಕರಗಿ ಸೋರಿ ಹೋದರೆ ಉಳಿಯುವುದು ಒಣ ಸೆಣಬು. ಮೊದಲ ದೊಡ್ಡ ಗಾಳಿಮಳೆಯಲ್ಲೇ ಡೆಕ್ಕಿನ ಮೇಲೆ ಬಡಿದ ಸಮುದ್ರದ ನೀರು ಕೇಬಲ್ಲಿನ ಗುಂಟ ಒಳಗಿಳಿಯುತ್ತದೆ. ಗಾಜು ಕತ್ತಲಾಗುತ್ತದೆ. ಆಗ ಸರಂಗನ ಎದುರಿಗೆ ಏನಿರುತ್ತದೋ ಅವನಿಗೆ ಕಾಣುವುದಿಲ್ಲ.

ಬಸ್ಸು ಬಂದು ತಂಗಿ ಹೋದಳು. ಅವಳಿಗೆ ಕೈಬೀಸಿದೆನೋ ಇಲ್ಲವೋ ನೆನಪಿಲ್ಲ.

ಎರಡು ದಿನ ನಾನು ಮನೆಯಲ್ಲಿ ಹುಳಿ ತಿಂದವನ ಮುಖ ಹಾಕಿಕೊಂಡು ತಿರುಗಿದೆ. ಲೆಕ್ಕ ಒಂದೇ. ಮುಂಬಯಿಯಲ್ಲಿ ಮಳೆ ಹಿಡಿಯಲು ಇನ್ನು ಎರಡು ವಾರವೂ ಇರಲಿಲ್ಲ. ತಂತಿ ಕೊಟ್ಟು ತಿಳಿಸಿದರೆ ಲಾಂಚು ನಿಲ್ಲುತ್ತದೆ, ಐದು ಜನ ಉಳಿಯುತ್ತಾರೆ. ಆದರೆ ಮೇಸ್ತ್ರಿ ಸುಳ್ಳು ರುಜು ಹಾಕಿದರೆಂದು ಬಯಲಾಗುತ್ತದೆ. ನಿವೃತ್ತಿಗೆ ಎರಡೇ ವರ್ಷ ಇದ್ದ ಮನುಷ್ಯ. ಅವರ ಹೆಸರಿಗೇ ತಂತಿ ಕೊಡೋಣವೆಂದರೆ ಅದು ಹೋಗುವುದು ಕಾರ್ಖಾನೆಯ ವಿಳಾಸಕ್ಕೇ; ಅಲ್ಲಿ ಮೊದಲು ಒಡೆದು ಓದುವವರು ಸೂಪರಿಂಟೆಂಡೆಂಟರು. ಕಾಗದ ಬರೆದರೆ ಯಾವಾಗ ಮುಟ್ಟುವುದೋ ದೇವರೇ ಬಲ್ಲ. ಮೇಣ ಪೂರ್ತಿ ಕರಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಅಂಗಳಕ್ಕೆ ಹೋಗಿ, ಅವ್ವನ ಡಬ್ಬಿಯಿಂದ ಒಂದು ಚೂರು ಮೇಣವನ್ನು ಬಿಸಿಲಿನಲ್ಲಿದ್ದ ಕುಡುಗೋಲಿನ ಮೇಲಿಟ್ಟು, ಅದು ಕರಗುವುದನ್ನು ನೋಡುತ್ತಿದ್ದೆ.

ಅವ್ವ ಅದನ್ನು ಕಂಡಳು. "ಏನೋ ಅದು, ನನ್ ಮೇಣ ತಗೊಂಡು ಏನ್ ಮಾಡ್ತಿದೀಯ?"

"ಏನಿಲ್ಲ ಬಿಡವ್ವ."

"ಏನಿಲ್ದೆ ಎರಡ್ ದಿನದಿಂದ ಊಟ ಬಿಟ್ಟೀಯ? ತಂಗಿ ಹೋದ್ಲು ಅಂತ ಅಂದ್ಕಂಡಿದ್ದೆ. ಅದಲ್ಲ ಇದು."

ಹೇಳಿದೆ. ಗ್ಲ್ಯಾಂಡ್, ರಾಡಾರ್ ಏನೂ ಅವಳಿಗೆ ಅರ್ಥವಾಗುವ ಹಾಗಿರಲಿಲ್ಲ. ದೋಣಿಗೆ ಒಂದು ತೂತು, ಅದಕ್ಕೆ ಕೊಬ್ಬು ಮೆತ್ತಬೇಕಿತ್ತು, ನಾನು ಮುಟ್ಟಲಾರದೆ ನಿನ್ನ ಮೇಣ ಮೆತ್ತಿ ಬಂದಿದ್ದೇನೆ, ಅದರಲ್ಲಿ ಐದು ಜನ ಹೋಗುತ್ತಾರೆ ಎಂದೆ. ಅವ್ವ ಕುಡುಗೋಲನ್ನು ನೆರಳಿಗೆ ಸರಿಸಿದಳು. ನೀನು ಮುಟ್ಟದೆ ಇದ್ದದ್ದೇ ಒಳ್ಳೆಯದಾಯಿತು ಎನ್ನುತ್ತಾಳೆಂದು ನಾನು ಕಾದೆ; ಹಾಗೆಂದಿದ್ದರೆ ನನಗೆ ಒಂದು ಆಸರೆ ಸಿಗುತ್ತಿತ್ತು.

"ಅವ್ರ ಮನೇಲೂ ಕುಂಕುಮ ಇಡೋರು ಇರ್ತಾರೋ" ಎಂದಳು. "ನನ್ ಮೇಣ ಅವ್ರ ಹಣೆ ಅಳಿಸ್ಬಾರ್ದು. ಏಳು, ಹೋಗು."

ಸೊರಬದ ಅಂಚೆಕಚೇರಿಗೆ ಓಡಿದೆ. ಹಿಂದಿನ ವಾರದ ಗಾಳಿಮಳೆಗೆ ಕಂಬ ಬಿದ್ದು ತಂತಿ ಸಂಪರ್ಕ ಕಡಿದಿತ್ತು. ಶಿಕಾರಿಪುರಕ್ಕೆ ಹೋಗಿ ಕೊಡಿ ಎಂದರು. ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲಿಗೆಂದು ಕೇಳಿದರು. ತಂತಿ ಕೊಡಲು ಎಂದದ್ದೇ ತಪ್ಪಾಯಿತು. ಆಗ ತಂತಿ ಎಂದರೆ ಸಾವಿನ ಸುದ್ದಿ ಎಂದೇ ಅರ್ಥ. ಅವರು ನನ್ನ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳತೊಡಗಿದರು, ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ನೋಡಿ ಲೊಚಗುಟ್ಟಿದಳು. ಇನ್ನೂ ಸಾಯದ ಐದು ಜನರಿಗಾಗಿ ಅವರೆಲ್ಲ ಮರುಗುತ್ತಿದ್ದರು.

ಶಿಕಾರಿಪುರದ ಅಂಚೆಕಚೇರಿಯಲ್ಲಿ ಗುಮಾಸ್ತರು ನನ್ನ ಮುಖ ನೋಡಿದವರೇ ದನಿ ಇಳಿಸಿದರು. "ಯಾರ್ ತೀರ್ಕೊಂಡ್ರೀ?"

"ಯಾರೂ ತೀರ್ಕೊಂಡಿಲ್ರೀ. ತೀರ್ಕೋಬಾರ್ದು ಅಂತ ಕೊಡೋಕೆ ಬಂದೀನಿ."

ಅವರು ಇಂಥ ಗಿರಾಕಿಯನ್ನು ಕಂಡಿರಲಿಲ್ಲವೆಂದು ಕಾಣುತ್ತದೆ, ಸುಮ್ಮನೆ ಫಾರಂ ಕೊಟ್ಟರು. ನನಗೆ ಬರುತ್ತಿದ್ದ ಕಾರ್ಖಾನೆಯ ಇಂಗ್ಲಿಷಿನಲ್ಲಿ ಮೊದಲು ಬರೆದದ್ದು, ಲಾಂಚಿನ ಡೆಕ್ ಗ್ಲ್ಯಾಂಡನ್ನು ಇನ್ನೊಮ್ಮೆ ನೋಡಿ ಎಂದಷ್ಟೇ. ಅದರಲ್ಲಿ ಯಾರ ತಪ್ಪೂ ಇರಲಿಲ್ಲ, ಮೇಸ್ತ್ರಿಯದೂ ಇಲ್ಲ, ನನ್ನದೂ ಇಲ್ಲ. ಕೊಡಲು ಕೈ ಚಾಚಿದೆ. ಅಷ್ಟರಲ್ಲಿ ಸೂಪರಿಂಟೆಂಡೆಂಟರು ಪುಸ್ತಕ ತೆರೆದು, ಮೇಸ್ತ್ರಿಯ ರುಜು ಕಂಡು, ಇದನ್ನು ಆಗಲೇ ನೋಡಿದೆಯಲ್ಲ ಎಂದು ತಂತಿಯನ್ನು ಪಕ್ಕಕ್ಕೆಸೆಯುವುದು ಕಣ್ಣಿಗೆ ಕಟ್ಟಿದಂತಾಯಿತು. ಇನ್ನೊಂದು ಫಾರಂ ಕೇಳಿದೆ. ಚರ್ಬಿಯ ಬದಲು ಮೇಣ ತುಂಬಿದ್ದೇನೆ, ಮೇಸ್ತ್ರಿಗೆ ತಿಳಿಸಿಲ್ಲ, ತಪ್ಪು ನನ್ನದು, ಲಾಂಚು ಬಿಡಬೇಡಿ ಎಂದು ಬರೆದೆ. ತಪ್ಪು ನನ್ನದು ಎಂದು ಬರೆದ ಮೇಲೆ ಅವರಿಗೆ ಏನೂ ಆಗಲಾರದು ಎಂದು ನಂಬಿದ್ದೆ. ಗುಮಾಸ್ತರು ಓದಿ, ತಂತಿಯಂತ್ರದ ಕೀಲಿಯ ಮೇಲೆ ಬೆರಳಾಡಿಸತೊಡಗಿದರು. ಆ ಟಕಟಕ ಕೇಳುತ್ತ ನಿಂತಾಗ ನನ್ನ ಕೆಲಸ ಹೋಯಿತೆಂದೇ ತೀರ್ಮಾನಿಸಿಕೊಂಡೆ. ಎದೆ ಮಾತ್ರ ಹಗುರವಾಗಿತ್ತು.

ನಾಲ್ಕನೆಯ ದಿನ ಸೊರಬದ ತಂತಿ ಸರಿಯಾಗಿ, ಉತ್ತರ ಮನೆಗೇ ಬಂತು. ಗ್ಲ್ಯಾಂಡ್ ತೆರೆದು ನೋಡಿದ್ದೇವೆ, ಚರ್ಬಿಯೇ ಇದೆ, ರಜೆ ಮುಗಿದ ಕೂಡಲೇ ಬಂದು ವಿವರಣೆ ಕೊಡು ಎಂದು ಅದರಲ್ಲಿತ್ತು. ಎಷ್ಟು ಸಲ ಓದಿದರೂ ಅಷ್ಟೇ. ನನಗೆ ತಲೆ ಕೆಟ್ಟಿದೆಯೇ, ನಾನು ತುಂಬಿದ್ದು ಚರ್ಬಿಯನ್ನೇ ಏನು ಎಂದು ನನ್ನ ಅಂಗೈಯನ್ನೇ ಮೂಸಿ ನೋಡಿಕೊಂಡೆ. ಅವ್ವ, "ಐದೂ ಜನ ಬದುಕಿದ್ರು ಅಂತ ತಾನೆ? ಮತ್ತಿನ್ನೇನು" ಎಂದು ದೇವರ ಗೂಡಿನ ಕಡೆ ಕೈಮುಗಿದಳು. ಬಿಚ್ಚದ ಗಂಟೊಂದು ನನ್ನೊಳಗೆ ಉಳಿಯಿತು.

ಅದು ಬಿಚ್ಚಿದ್ದು ವಾರದ ಮೇಲೆ, ನಾನು ಹೊರಡುವ ಹಿಂದಿನ ದಿನ. ಮೇಸ್ತ್ರಿಯಿಂದ ಟಪಾಲಿನಲ್ಲಿ ಒಂದು ಸಣ್ಣ ಪೊಟ್ಟಣ ಬಂತು. ಒಳಗೆ ಕಾಗದ. ದೊಡ್ಡ ದೊಡ್ಡ ಅಕ್ಷರ, ಅಲ್ಲಲ್ಲಿ ಹೊಡೆದು ಹಾಕಿದ ಮಾತು. ನನಗೆ ಅದು ಇಂದಿಗೂ ಬಾಯಿಪಾಠ.

"ತಮ್ಮಾ, ಆ ಶನಿವಾರ ಸಂಜೆ ನೀನು ಮನೆಗೆ ಹೋದ ಮೇಲೆ ನಾನು ಚರ್ಬಿ ಡಬ್ಬಿ ತೆಗೆದು ನೋಡಿದೆ. ಮೇಲಿನ ಕೆನೆ ಹಾಗೇ ಇತ್ತು, ಒಂದು ಬೆರಳಿನ ಗುರುತೂ ಇಲ್ಲ. ನಿನ್ನ ಕೈ ಮೇಣ ನಾರುತ್ತಿತ್ತು. ನೀನು ಚರ್ಬಿ ಮುಟ್ಟುವವನಲ್ಲ ಅಂತ ನನಗೆ ಐದು ವರ್ಷದಿಂದ ಗೊತ್ತಿತ್ತು. ಭಾನುವಾರ ಒಬ್ಬನೇ ಹೋಗಿ ಗ್ಲ್ಯಾಂಡ್ ಬಿಚ್ಚಿ ಮೇಣ ತೆಗೆದು ಚರ್ಬಿ ತುಂಬಿದೆ. ಪುಸ್ತಕದಲ್ಲಿ ಬರೆದರೆ ನಿನ್ನ ಕೆಲಸ ಹೋಗುತ್ತದೆ ಅಂತ ಬರೆಯಲಿಲ್ಲ. ನಿನ್ನ ತಂತಿ ಬಂದ ಮೇಲೆ, ತಪಾಸಣೆ ಆದ ಲಾಂಚನ್ನು ಪುಸ್ತಕದಲ್ಲಿ ಕಾಣಿಸದೆ ಯಾರು ಬಿಚ್ಚಿದರು ಅಂತ ಸಾಹೇಬರು ಕೇಳಿದರು. ನಾನೇ ಅಂದೆ. ನೋಡದೆ ರುಜು ಹಾಕಿದ್ದೂ ನಾನೇ ಅಂದೆ. ಇನ್ನು ಕೆಲಸಕ್ಕೆ ಬರಬೇಡಿ, ಮನೆಗೆ ಹೋಗಿ ಅಂದರು. ನಾನು ಊರಿಗೆ ಹೊರಟಿದ್ದೇನೆ. ನೀನು ತಂತಿ ಕೊಟ್ಟದ್ದು ಸರಿ ಮಾಡಿದೆ, ಕೊಡದೆ ಇದ್ದಿದ್ದರೆ ನನಗೆ ಬೇಜಾರಾಗುತ್ತಿತ್ತು. ಆದರೆ ಶನಿವಾರ ನನ್ನ ಹತ್ತಿರ ಒಂದು ಮಾತು ಹೇಳಬೇಕಿತ್ತು. ನಾನೇ ತುಂಬಿ ಕೊಡುತ್ತಿದ್ದೆ, ಹತ್ತು ನಿಮಿಷದ ಕೆಲಸ. ಇದರೊಳಗೆ ನಿನ್ನ ಅಮ್ಮನ ಸಾಮಾನು ಇದೆ, ಚೆಲ್ಲಲು ಮನಸ್ಸು ಬರಲಿಲ್ಲ."

ಪೊಟ್ಟಣದ ತಳದಲ್ಲಿ ಎಲೆಯಲ್ಲಿ ಸುತ್ತಿದ ಮೇಣದ ಉಂಡೆ ಇತ್ತು. ಗ್ಲ್ಯಾಂಡಿನಿಂದ ಕೆರೆದು ತೆಗೆದದ್ದು. ಸೆಣಬಿನ ಎಳೆಗಳು ಅಲ್ಲಲ್ಲಿ ಸಿಕ್ಕಿಕೊಂಡಿದ್ದವು.

ನಾನು ಜಗುಲಿಯ ಮೇಲೆ ಕೂತು ಅತ್ತೆ. ಯಾರಿಗೂ ಅವಮಾನವಾಗಬಾರದೆಂದು ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ. ನನಗೆ ಅವಮಾನವಾಗಬಾರದೆಂದು ಮುಚ್ಚಿಕೊಂಡಿದ್ದೆ. ನಗುವವರ ಸಾಲಿನಲ್ಲಿ ಮೇಸ್ತ್ರಿಯನ್ನೂ ಸೇರಿಸಿದ್ದೆ. ಅವರು ಐದು ವರ್ಷ ನನ್ನ ಗುಟ್ಟನ್ನು ನನಗಿಂತ ಚೆನ್ನಾಗಿ ಕಾಪಾಡಿಕೊಂಡು ಬಂದಿದ್ದರು.

ಮುಂಬಯಿಗೆ ಹೋದಾಗ ಸೂಪರಿಂಟೆಂಡೆಂಟರು ನನ್ನನ್ನು ತೆಗೆಯಲಿಲ್ಲ. ಬೈದರು, ಆಮೇಲೆ, ನೀನಾದರೂ ನಿಜ ಹೇಳಿದೆಯಲ್ಲ ಎಂದರು. ಆ ಮಾತು ಚುಚ್ಚಿದಷ್ಟು ಜೀವನದಲ್ಲಿ ಯಾವ ಬೈಗುಳವೂ ನನ್ನನ್ನು ಚುಚ್ಚಿಲ್ಲ. ಮೇಸ್ತ್ರಿಗೆ ಎರಡು ಕಾಗದ ಬರೆದೆ. ಉತ್ತರ ಬರಲಿಲ್ಲ. ಚರ್ಬಿಯನ್ನು ಆಮೇಲೆ ನಾನೇ ತುಂಬುತ್ತಿದ್ದೆ. ವಾಸನೆ ಕೊನೆಯವರೆಗೂ ಒಗ್ಗಲಿಲ್ಲ. ಕೈ ತೊಳೆದು ಪೂಜೆಗೆ ಕೂತರೆ ಲಿಂಗ ಏನೂ ಅನ್ನಲಿಲ್ಲ.

ಮೇಣದ ಉಂಡೆಯನ್ನು ನಾನು ಹೊರಡುವ ಗಡಿಬಿಡಿಯಲ್ಲಿ ಜಗುಲಿಯ ಗೂಡಿನಲ್ಲಿ ಬಿಟ್ಟು ಹೋಗಿದ್ದೆ. ಮುಂದಿನ ವರ್ಷ ಬಂದಾಗ ಎಲ್ಲಿ ಎಂದು ಕೇಳಿದೆ. ಅವ್ವ ಒಲೆ ಊದುತ್ತಿದ್ದವಳು ತಿರುಗಿ ನೋಡಿದಳು.

"ಅದಾ? ಅದ್ರಾಗೆ ನಾರು ಸಿಕ್ಕೊಂಡಿದ್ವು. ಕರಗಿಸಿ, ಬಟ್ಟೇಲಿ ಸೋಸಿ ಡಬ್ಬಿಗೆ ಹಾಕ್ಕೊಂಡೆ. ಒಳ್ಳೆ ಮೇಣ, ಯಾಕ್ ಚೆಲ್ಬೇಕು" ಎಂದಳು.

ಅವಳ ಹಣೆಯ ಮೇಲೆ ಕುಂಕುಮ ದುಂಡಗೆ, ಅಲುಗದೆ ನಿಂತಿತ್ತು. ಅದರಡಿಯಲ್ಲಿದ್ದದ್ದು ಮೇಸ್ತ್ರಿಯ ಕೆಲಸ ತಿಂದ ಮೇಣ; ಆ ರಜೆ ಪೂರ್ತಿ ನಾನು ಅವ್ವನ ಮುಖ ನೋಡಿ ಮಾತಾಡಲಿಲ್ಲ.